ಹಲ್ಲು ತಿಕ್ಕಿದ್ರೆ ರಕ್ತ ಬರುತ್ತೆ ಅಂತ ತಿಕ್ಕೋದೇ ಬಿಟ್ಟಿದ್ದವರು: ಭಾಗ್ಯನಗರದ ಒಂದು ವಸಡಿನ ಕೇಸ್

ಪೇಷಂಟ್ ಕೊಪ್ಪಳಕ್ಕೆ ಅಂಟಿಕೊಂಡಿರೋ ಭಾಗ್ಯನಗರದವರು, ವಯಸ್ಸು 34, ಮನೇಲೇ ಕೂತು ಕೂದಲು ಬಿಡಿಸೋ ಕೆಲಸ ಮಾಡ್ತಾರೆ. ಭಾಗ್ಯನಗರದಲ್ಲಿ ಕೂದಲಿನ ವ್ಯಾಪಾರ ದೊಡ್ಡದು. ಗಂಟು ಗಂಟಾಗಿ ಬಂದ ಕೂದಲನ್ನ ಹೆಣ್ಮಕ್ಕಳು ಎಳೆ ಎಳೆಯಾಗಿ ಬಿಡಿಸಿ, ಉದ್ದ ನೋಡಿ ಬೇರೆ ಮಾಡಿ ಕಟ್ಟು ಕಟ್ತಾರೆ, ಆಮೇಲೆ ಅದು ವಿಗ್ ಮಾಡೋರಿಗೆ ಹೋಗುತ್ತೆ. ಇವರ ತವರುಮನೆ ಕುಷ್ಟಗಿ ತಾಲೂಕಿನ ಒಂದು ಹಳ್ಳಿ, ಚಿಕ್ಕಂದಿನಿಂದ ಬೋರ್‌ವೆಲ್ ನೀರು ಕುಡಿದು ಬೆಳೆದವರು. ಈ ಕೇಸ್ ಬರೀತಿರೋದು ಅವರ ಒಪ್ಪಿಗೆ ತಗೊಂಡೇ, ಹೆಸರು ಓಣಿ ಯಾವುದೂ ಹಾಕಿಲ್ಲ. ನಾನು ಇಲ್ಲೇ ಹಲ್ಲಿನ ಡಾಕ್ಟರಾಗಿ ಕೆಲಸ ಮಾಡ್ತಿರೋದು, ಇದೇ ತೊಂದರೆ ಇಟ್ಕೊಂಡು ಬರೋರು ಭಾಳ ಜನ ಇದ್ದಾರೆ, ಅದಕ್ಕೇ ಒಂದನ್ನ ಪೂರ್ತಿ ಬರೆಯೋಣ ಅನ್ನಿಸ್ತು.

ಅವರು ಬಂದು ಹೇಳಿದ್ದು ಇಷ್ಟು: "ಹಲ್ಲು ತಿಕ್ಕಿದ್ರ ರಕ್ತ ಬರತೈತ್ರಿ ಡಾಕ್ಟ್ರೇ, ಅದಕ್ಕ ಆ ಕಡೆ ತಿಕ್ಕೂದ ಬಿಟ್ಟೀನಿ. ಈಗ ತಿಕ್ಕದಿದ್ರೂ ಬರಾಕತ್ತೈತಿ."

ಈ ಒಂದು ಮಾತಲ್ಲೇ ಇಡೀ ರೋಗದ ಕಥೆ ಇದೆ. ರಕ್ತ ಬಂತು, ಹೆದರಿ ಆ ಜಾಗ ಮುಟ್ಟೋದು ಬಿಟ್ರು, ಮುಟ್ಟದಿದ್ದಕ್ಕೆ ಅಲ್ಲಿ ಪಾಚಿ (ಹಲ್ಲಿಗೆ ಅಂಟೋ ಬ್ಯಾಕ್ಟೀರಿಯಾದ ಮೆತ್ತನೆ ಪದರ, ಪ್ಲಾಕ್) ಕೂತ್ಕೊಳ್ತು, ಪಾಚಿ ಕೂತಿದ್ದಕ್ಕೆ ವಸಡು ಇನ್ನಷ್ಟು ಬಾತುಕೊಳ್ತು, ಬಾತಿದ್ದಕ್ಕೆ ಇನ್ನೂ ಸುಲಭವಾಗಿ ರಕ್ತ ಬಂತು, ಇನ್ನೂ ಹೆದರಿದ್ರು. ರಕ್ತ ಬರೋ ಜಾಗವೇ ಬ್ರಷ್ ಹೋಗಬೇಕಾದ ಜಾಗ, ಇದನ್ನ ನಾನು ದಿನಾ ಹೇಳ್ತೀನಿ, ಆದ್ರೂ ಹೇಳಿ ಸಾಕಾಯ್ತು ಅಂತ ಒಂದಿನಾನೂ ಅನ್ನಿಸಿಲ್ಲ, ಯಾಕಂದ್ರೆ ಕೇಳೋರಿಗೆ ಅದು ತಲೆಕೆಳಗಾದ ಮಾತು. ಗಾಯ ಆದ ಕಡೆ ಮುಟ್ಟಬಾರದು ಅಂತ ತಾನೇ ನಾವೆಲ್ಲ ಬೆಳೆದಿದ್ದು.

ಇನ್ನಷ್ಟು ಕೇಳಿದಾಗ ಹೊರಗೆ ಬಂದದ್ದು: ರಕ್ತ ಶುರುವಾಗಿ ವರ್ಷದ ಮೇಲಾಗಿತ್ತು. ಕಟಕ ರೊಟ್ಟಿ ಕಚ್ಚಿದ್ರೆ ರೊಟ್ಟಿ ತುದಿಗೆ ಕೆಂಪು ಗುರುತು ಕೂರ್ತಿತ್ತು, ಅದಕ್ಕೆ ರೊಟ್ಟಿನ ಪಲ್ಯದಾಗ ನೆನೆಸಿ ತಿನ್ನೋಕೆ ಶುರು ಮಾಡಿದ್ರು. ಬಾಯಿ ವಾಸನೆ ಬಗ್ಗೆ ಅವರಾಗೇ ಹೇಳ್ಲಿಲ್ಲ, ಜೊತೆಗೆ ಬಂದಿದ್ದ ನಾದಿನಿ ಹೇಳಿದ್ರು, ಕೂದಲು ಬಿಡಿಸೋಕೆ ನಾಲ್ಕು ಜನ ಸುತ್ತ ಕೂತಾಗ ಇವರು ಸೆರಗು ಬಾಯಿಗೆ ಹಿಡ್ಕೊಂಡೇ ಮಾತಾಡ್ತಾರೆ ಅಂತ. ಮನೆಮದ್ದು ಎಲ್ಲ ಆಗಿತ್ತು. ಮೈಗೆ ಉಷ್ಣ ಆಗೇತಿ ಅಂತ ಮಜ್ಜಿಗಿ, ಪಟಿಕದ ನೀರು ಮುಕ್ಕಳಿಸೋದು, ಲವಂಗದ ಎಣ್ಣೆ, ಮೆಡಿಕಲ್ ಶಾಪ್‌ನಿಂದ ವಿಟಮಿನ್ ಸಿ ಗುಳಿಗೆ, ನೋವು ಜಾಸ್ತಿ ಆದಾಗ ಅಲ್ಲಿಂದಲೇ ಆಂಟಿಬಯಾಟಿಕ್. ಅತ್ತೆ ಹೇಳಿದ್ರು ಅಂತ ಕೆಲವು ದಿನ ತಂಬಾಕಿನ ಪುಡಿನೂ ವಸಡಿಗೆ ತಿಕ್ಕಿದ್ದಾರೆ, "ಅದರಿಂದ ರಕ್ತ ಕಮ್ಮಿ ಆಗಿತ್ರಿ" ಅಂತ ಅವರೇ ಹೇಳಿದ್ರು.

ಇದನ್ನ ಸ್ವಲ್ಪ ನಿಂತು ಹೇಳ್ಲೇಬೇಕು. ಕಮ್ಮಿ ಆಗಿದ್ದು ನಿಜ. ತಂಬಾಕಿನಲ್ಲಿರೋ ನಿಕೋಟಿನ್ ವಸಡಿನ ಸಣ್ಣ ರಕ್ತನಾಳಗಳನ್ನ ಕುಗ್ಗಿಸುತ್ತೆ, ಅದಕ್ಕೆ ರಕ್ತ ಕಾಣಿಸೋದು ಕಡಿಮೆಯಾಗುತ್ತೆ, ಆದ್ರೆ ಒಳಗಿನ ರೋಗ ಅಲ್ಲೇ ಇರುತ್ತೆ, ಬೆಳೀತಾನೂ ಇರುತ್ತೆ. ಬೀಡಿ ಸಿಗರೇಟ್ ಸೇದೋರ ವಸಡು ಗಟ್ಟಿಯಾಗಿ ಚಲೋ ಐತಿ ಅಂತ ಕಾಣೋದು, ಆಮೇಲೆ ಒಂದು ದಿನ ಹಲ್ಲು ಅಳ್ಳಾಡೋಕೆ ಶುರುವಾಗೋದು, ಇದೇ ಕಾರಣಕ್ಕೆ. ಇವರು ಪುಣ್ಯಕ್ಕೆ ಅದನ್ನ ಬೇಗ ಬಿಟ್ಟಿದ್ರು, ಬಾಯಿ ಉರೀತಿತ್ತು ಅಂತ.

ಬಾಯಿ ನೋಡಿದಾಗ ಮೊದಲು ಕಣ್ಣಿಗೆ ಬಿದ್ದಿದ್ದು ವಸಡಲ್ಲ, ಮುಂದಿನ ಹಲ್ಲಿನ ಕಂದು ಪಟ್ಟೆ. ಫ್ಲೋರೋಸಿಸ್. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರೋ ಊರು ಎಷ್ಟೋ ಇವೆ. ಕುಡಿಯೋ ನೀರಲ್ಲಿ ಅದು ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ಅಂತ ನಮ್ಮ ದೇಶದ ಮಾನದಂಡ ಇದೆ. ಹಲ್ಲು ಇನ್ನೂ ದವಡೆ ಒಳಗೆ ತಯಾರಾಗೋ ವಯಸ್ಸಲ್ಲಿ, ಅಂದ್ರೆ ಎಂಟು ವರ್ಷದೊಳಗೆ, ಅಂಥ ನೀರು ಕುಡಿದ್ರೆ ಎನಾಮೆಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ರಚನೆಯಲ್ಲೇ ವ್ಯತ್ಯಾಸ ಆಗಿ ಹಲ್ಲು ಬರೋವಾಗಲೇ ಆ ದೋಷ ಇಟ್ಕೊಂಡು ಬರುತ್ತೆ, ಕಂದು ಬಣ್ಣ ಆಮೇಲೆ ಅದರೊಳಗೆ ಇಳಿಯುತ್ತೆ. ಇದು ಹೊರಗಿನ ಕೊಳೆ ಅಲ್ಲ, ನೂಲಿಗೇ ಹಾಕಿದ ಬಣ್ಣ ಇದ್ದಂಗೆ, ಎಷ್ಟು ಒಗೆದ್ರೂ ಹೋಗಲ್ಲ, ಒಗೆದಷ್ಟೂ ಬಟ್ಟೆ ಸವೆಯುತ್ತೆ.

ಇವರೂ ಅದನ್ನೇ ಮಾಡಿದ್ರು. ಮದುವೆ ಆದಾಗಿಂದ ಮುಂದಿನ ಹಲ್ಲಿಗೆ ಇದ್ದಲಿ ಪುಡಿ ಉಪ್ಪು ಸೇರಿಸಿ ತಿಕ್ಕೋದು, ಗಟ್ಟಿ ಎಳೆಯ ಬ್ರಷ್ ತಗೊಂಡು ಅಡ್ಡಡ್ಡ ಉಜ್ಜೋದು. ಫಲ ಏನಾಯ್ತು ಅಂದ್ರೆ ಮೇಲಿನ ಎಡಗಡೆ ಕೋರೆಹಲ್ಲು ಮತ್ತೆ ಅದರ ಪಕ್ಕದ ಹಲ್ಲಲ್ಲಿ ವಸಡು ಸುಮಾರು 2 ಮಿಲಿಮೀಟರ್ ಮೇಲಕ್ಕೆ ಸರಿದು ಬೇರು ಕಾಣ್ತಿತ್ತು, ತಣ್ಣೀರು ತಾಗಿದ್ರೆ ಜುಮ್ ಅಂತಿತ್ತು. ಬಲಗೈಲಿ ಉಜ್ಜೋರಿಗೆ ಎಡಗಡೆ ಕೋರೆ ಹತ್ರ ಜೋರು ಜಾಸ್ತಿ ಬೀಳುತ್ತೆ, ಇದು ನಾವು ಭಾಳ ಸಲ ನೋಡೋದೇ. ಅದೇ ಬಾಯಲ್ಲಿ ಕೆಳಗಿನ ಮುಂದಿನ ಹಲ್ಲಿನ ಒಳಗಡೆ, ನಾಲಿಗೆ ತಾಗೋ ಕಡೆ, ಹಳದಿ ಕಿಟ್ಟ ಒಂದಕ್ಕೊಂದು ಸೇರಿ ಗೋಡೆ ಕಟ್ಟಿದಂಗೆ ನಿಂತಿತ್ತು. ಜೊಲ್ಲಿನ ಗ್ರಂಥಿಯ ಬಾಯಿ ಅಲ್ಲೇ ನಾಲಿಗೆ ಕೆಳಗೆ ತೆರೆಯೋದು, ಜೊಲ್ಲಲ್ಲಿರೋ ಕ್ಯಾಲ್ಸಿಯಂ ಪಾಚಿಗೆ ಸೇರಿ ಬೇಗ ಗಟ್ಟಿಯಾಗುತ್ತೆ, ಹಂಗಾಗಿ ಎಲ್ಲರಿಗೂ ಅಲ್ಲೇ ಜಾಸ್ತಿ. ಮೇಲಿನ ದವಡೆ ಹಲ್ಲಿನ ಕೆನ್ನೆ ಕಡೆಗೂ ಇದೇ ಕಥೆ. ಒಟ್ಟಿನಲ್ಲಿ ಕಾಣೋ ನಾಲ್ಕು ಹಲ್ಲಿಗೆ ಅತಿಯಾದ ತಿಕ್ಕಾಟ, ಕಾಣದ ಕಡೆ ಏನೂ ಇಲ್ಲ.

ವಸಡು ಕೆಂಪಗೆ, ಬಾತು, ಹೊಳೀತಿತ್ತು. ಆರೋಗ್ಯದ ವಸಡು ಹಲ್ಲಿನ ಸಂದಿಯಲ್ಲಿ ಚೂಪಾಗಿ ಕೂತಿರುತ್ತೆ, ಇವರದು ದುಂಡಗಾಗಿತ್ತು. ಪ್ರೋಬ್ ಅಂತ ಒಂದು ಸಣ್ಣ ಅಳತೆ ಕಡ್ಡಿ ಇರುತ್ತೆ, ಅದನ್ನ ವಸಡು ಹಲ್ಲಿನ ನಡುವೆ ಹಗುರಕ್ಕೆ ಇಳಿಸಿ ಆಳ ನೋಡ್ತೀವಿ, ಒಂದು ಹಲ್ಲಿಗೆ ಆರು ಕಡೆ. 3 ಮಿಲಿಮೀಟರ್ ತನಕ ಸಹಜ. ಇವರಿಗೆ ಹೆಚ್ಚಿನ ಕಡೆ ಅಷ್ಟೇ ಇತ್ತು, ಬಾತ ಕಡೆ 4. ರಕ್ತ ಬಂದ ಜಾಗ ಲೆಕ್ಕ ಹಾಕಿದ್ರೆ ನೂರಕ್ಕೆ 58. ನೂರಕ್ಕೆ 10ಕ್ಕಿಂತ ಕಡಿಮೆ ಇದ್ರೆ ಆರೋಗ್ಯ, 30 ದಾಟಿದ್ರೆ ಬಾಯಿ ತುಂಬ ಹರಡಿದ ಉರಿಯೂತ ಅಂತ ಈಗಿನ ಲೆಕ್ಕ.

ಒಂದೇ ಒಂದು ಕಡೆ ಪ್ರೋಬ್ 5 ಮಿಲಿಮೀಟರ್ ಇಳೀತು, ಕೆಳಗಿನ ಬಲಗಡೆ ಎರಡು ದವಡೆ ಹಲ್ಲಿನ ನಡುವೆ. ಅಲ್ಲಿ ಹಿಂದೆ ಯಾವಾಗಲೋ ತುಂಬಿಸಿದ್ದ ಸಿಮೆಂಟ್ ಇತ್ತು. ಎಕ್ಸ್‌ರೇ ತೆಗೆದಾಗ ಕಾಣಿಸ್ತು, ತುಂಬಿದ್ದು ಹಲ್ಲಿನ ಅಂಚಿಗೆ ಸಮ ಇಲ್ಲ, ಸಂದಿ ಒಳಗೆ ಚಾಚ್ಕೊಂಡಿದೆ, ಅದರ ಕೆಳಗೆ ಮೂಳೆ ಸ್ವಲ್ಪ ಇಳಿದಿದೆ. ಬೇರೆ ಎಲ್ಲಾ ಕಡೆ ಮೂಳೆ ಸರಿಯಾಗಿತ್ತು. ಈ ವ್ಯತ್ಯಾಸ ದೊಡ್ಡದು. ವಸಡು ಮಾತ್ರ ಬಾತಿದ್ರೆ ಅದು ಜಿಂಜಿವೈಟಿಸ್, ಪೂರ್ತಿ ವಾಪಸ್ ಬರುತ್ತೆ. ಮೂಳೆ ಇಳಿದ್ರೆ ಅದು ತಾನಾಗಿ ವಾಪಸ್ ಬರಲ್ಲ, ಅಲ್ಲಿಗೆ ನಿಲ್ಲಿಸಬಹುದು ಅಷ್ಟೇ. ಇವರ ಬಾಯಿ ಒಂದು ಸಂದಿ ಬಿಟ್ರೆ ಇನ್ನೂ ವಾಪಸ್ ಬರೋ ಹಂತದಲ್ಲೇ ಇತ್ತು.

ಬೇರೆ ಕಾರಣ ಇರಬಹುದಾ ಅಂತ ನೋಡ್ದೆ. ಬಸಿರಲ್ಲ (ಬಸಿರಲ್ಲಿ ಹಾರ್ಮೋನ್‌ನಿಂದ ವಸಡು ಬಾಯೋದು ಜಾಸ್ತಿ), ಬಿಪಿಗೆ ಅಮ್ಲೋಡಿಪಿನ್ ಅಥವಾ ಫಿಟ್ಸ್‌ಗೆ ಫೆನಿಟಾಯಿನ್ ತಗೊಳಲ್ಲ, ಆ ಗುಳಿಗೆಗಳಿಂದ ವಸಡು ಬೆಳೆಯುತ್ತೆ. ಸಕ್ಕರೆ ಸರಿಯಾಗಿತ್ತು, ಪ್ಲೇಟ್‌ಲೆಟ್ ಸರಿಯಾಗಿತ್ತು, ಹಿಮೋಗ್ಲೋಬಿನ್ ಮಾತ್ರ 9.4. ಹೆಣ್ಮಕ್ಕಳಿಗೆ 12 ಇರಬೇಕು. ನಾದಿನಿ ತಕ್ಷಣ "ನೋಡ್ರಿ, ರಕ್ತ ಕಮ್ಮಿ ಆಗೇ ವಸಡಿಗೆ ಹಿಂಗಾಗೈತಿ" ಅಂದ್ರು. ಹಂಗಲ್ಲ, ರಕ್ತಹೀನತೆಯಿಂದ ವಸಡು ಬಿಳುಚಿಕೊಳ್ಳುತ್ತೆ, ರಕ್ತ ಸೋರೋದಕ್ಕೆ ಅದು ಕಾರಣ ಅಲ್ಲ. ಆದ್ರೂ ಅದನ್ನ ಹಂಗೇ ಬಿಡೋಕಾಗಲ್ಲ, ಕಬ್ಬಿಣದ ಗುಳಿಗೆಗೆ ಸರ್ಕಾರಿ ಆಸ್ಪತ್ರೆಗೆ ಬರೆದು ಕಳಿಸ್ದೆ. ವಿಟಮಿನ್ ಸಿ ಬಗ್ಗೆನೂ ಒಂದು ಮಾತು. ಅದು ತೀರಾ ಕಮ್ಮಿ ಆದ್ರೆ ಸ್ಕರ್ವಿ ಬಂದು ವಸಡಲ್ಲಿ ರಕ್ತ ಬರೋದು ಖರೆ, ಆದ್ರೆ ಹಸಿಮೆಣಸಿನಕಾಯಿ, ಟೊಮ್ಯಾಟೊ, ನಿಂಬೆ ತಿನ್ನೋ ಮನೆಯವರಿಗೆ ಅದು ಅಪರೂಪ. ಪಾಚಿ ಅಲ್ಲೇ ಇಟ್ಕೊಂಡು ಗುಳಿಗೆ ನುಂಗಿದ್ರೆ ಗುಳಿಗೆಯ ದುಡ್ಡು ಹೋಯ್ತು ಅಷ್ಟೇ.

ಚಿಕಿತ್ಸೆಯ ಮೊದಲ ದಿನ ನಾನು ಮಿಷನ್ ಮುಟ್ಟಲೇ ಇಲ್ಲ. ಪಾಚಿ ತೋರಿಸೋ ಗುಲಾಬಿ ಬಣ್ಣ ಹಚ್ಚಿ, ಬಾಯಿ ಮುಕ್ಕಳಿಸೋಕೆ ಹೇಳಿ, ಕೈಗೆ ಕನ್ನಡಿ ಕೊಟ್ಟೆ. ಮುಂದಿನ ಹಲ್ಲು ಹೊರಗಡೆ ಬಣ್ಣ ಹಿಡಿದೇ ಇರಲಿಲ್ಲ. ಒಳಗಡೆ, ಹಿಂದೆ, ಸಂದಿ ಎಲ್ಲ ಗಾಢ ಗುಲಾಬಿ. ಸುಮಾರು ಹೊತ್ತು ಕನ್ನಡಿ ಆ ಕಡೆ ಈ ಕಡೆ ತಿರುಗಿಸಿ ನೋಡಿದ್ರು, ಆಮೇಲೆ "ಇಲ್ಲೆಲ್ಲ ಬ್ರಷ್ ಹೋಗೂದ ಇಲ್ಲಲ್ರಿ" ಅಂದ್ರು. ಯಾರೂ ಇವರಿಗೆ ಇದನ್ನ ತೋರಿಸಿರಲಿಲ್ಲ. ಸಿಮೆಂಟ್ ತುಂಬಿಸಿದಾಗಲೂ, ಒಂದು ಸಲ ಬೇರೆ ಕಡೆ ಕ್ಲೀನ್ ಮಾಡಿಸಿದಾಗಲೂ ಐದು ನಿಮಿಷ ಬ್ರಷ್ ಹಿಡ್ಕೊಂಡು ಯಾರೂ ಕಲಿಸಿರಲಿಲ್ಲ, ಇದು ನಮ್ಮ ವೃತ್ತಿಯವರೆಲ್ಲ ಯೋಚಿಸಬೇಕಾದ್ದು, ಯಾಕಂದ್ರೆ ಕ್ಲೀನ್ ಮಾಡಿ ಕಳಿಸಿದ ಹಲ್ಲಿನ ಮೇಲೆ ಕೆಲವೇ ಗಂಟೆಯಲ್ಲಿ ಪಾಚಿ ಮತ್ತೆ ಕೂರೋಕೆ ಶುರು, ಮುಟ್ಟದೇ ಬಿಟ್ರೆ ಎರಡು ಮೂರು ದಿನದಲ್ಲೇ ಗಟ್ಟಿಯಾಗೋಕೂ ಶುರುವಾಗುತ್ತೆ. ಮನೇಲಿ ಕೈ ಸರಿ ಇಲ್ಲದಿದ್ರೆ ಕ್ಲಿನಿಕ್‌ನ ಕೆಲಸ ನಿಲ್ಲಲ್ಲ.

ಕಲಿಸಿದ್ದು ಹಿಂಗೆ. ಇದ್ದಲಿ, ಉಪ್ಪು, ಗಟ್ಟಿ ಬ್ರಷ್ ಎಲ್ಲ ಬಂದ್. ಸಾಫ್ಟ್ ಅಂತ ಬರೆದಿರೋ, ತಲೆ ಸಣ್ಣಗಿರೋ ಬ್ರಷ್. ಅದನ್ನ ಹಲ್ಲಿಗೆ ನೇರ ಇಡದೆ ವಸಡಿನ ಕಡೆ ಓರೆ ಮಾಡಿ, ಸುಮಾರು 45 ಡಿಗ್ರಿ, ಎಳೆಗಳು ಅರ್ಧ ವಸಡಿನ ಮೇಲೆ ಅರ್ಧ ಹಲ್ಲಿನ ಮೇಲೆ ಬರೋ ಹಂಗೆ. ಅಲ್ಲೇ ನಿಂತು ಸಣ್ಣಗೆ ನಡುಗಿಸಿದಂಗೆ ಅಲ್ಲಾಡಿಸಬೇಕು, ಎರಡು ಮೂರು ಹಲ್ಲಿಗೊಂದು ಸಲ ಹತ್ತು ಎಣಿಸಿ, ಆಮೇಲೆ ವಸಡಿನಿಂದ ಹಲ್ಲಿನ ತುದಿ ಕಡೆ ಗುಡಿಸಿ ಮುಂದೆ ಹೋಗಬೇಕು. ಕೆಳಗಿನ ಮುಂದಿನ ಹಲ್ಲಿನ ಒಳಗಡೆಗೆ ಬ್ರಷ್ ನೆಟ್ಟಗೆ ನಿಲ್ಲಿಸಿ ತುದಿಯಿಂದ. ಶುರು ಮಾಡೋದು ಒಳಗಡೆಯಿಂದ, ಹಿಂದಿನಿಂದ. ಎಲ್ಲರೂ ಮುಂದಿನಿಂದ ಶುರು ಮಾಡ್ತಾರೆ, ಹಿಂದೆ ಹೋಗೋಷ್ಟರಲ್ಲಿ ಬೇಜಾರಾಗಿ ಬಿಡ್ತಾರೆ. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಬೆಳಿಗ್ಗೆ ಒಂದ್ಸಲ, ರಾತ್ರಿ ಊಟ ಆದ ಮೇಲೆ ಒಂದ್ಸಲ, ಎರಡರಲ್ಲಿ ಒಂದು ತಪ್ಪಿದ್ರೂ ರಾತ್ರಿದು ತಪ್ಪಬಾರದು, ಮಲಗಿದಾಗ ಜೊಲ್ಲು ಕಮ್ಮಿ ಆಗುತ್ತೆ, ಬಾಯಿ ತೊಳೆಯೋಕೆ ಯಾರೂ ಇರಲ್ಲ.

ಪೇಸ್ಟ್ ಅಂದ ತಕ್ಷಣ ಈ ಭಾಗದವರು ಕೇಳೋ ಪ್ರಶ್ನೆ ಇವರೂ ಕೇಳಿದ್ರು, ನೀರಿನ ಫ್ಲೋರೈಡ್‌ನಿಂದಲೇ ಹಲ್ಲು ಕೆಟ್ಟೈತಿ, ಮತ್ತ ಫ್ಲೋರೈಡ್ ಪೇಸ್ಟ್ ಯಾಕ ಅಂತ. ದೊಡ್ಡವರಿಗೆ ಹಲ್ಲು ಆಗಲೇ ತಯಾರಾಗಿ ಬಂದಿರುತ್ತೆ, ಪೇಸ್ಟ್ ಹಚ್ಚಿ ಉಗುಳಿದ್ರೆ ಅದರಿಂದ ಹೊಸದಾಗಿ ಕಲೆ ಬರಲ್ಲ, ಹುಳುಕು ತಡೆಯೋಕೆ ಅದು ಬೇಕು. ಸಣ್ಣ ಮಕ್ಕಳ ವಿಷಯ ಬೇರೆ, ಮೂರು ವರ್ಷದೊಳಗೆ ಅಕ್ಕಿ ಕಾಳಿನಷ್ಟು ಮಾತ್ರ, ನುಂಗದಂಗೆ ದೊಡ್ಡವರು ಪಕ್ಕದಲ್ಲಿ ನಿಂತು ತಿಕ್ಕಿಸಬೇಕು.

ಸಂದಿ ಕ್ಲೀನ್ ಮಾಡೋದು ಕಲಿಸೋದು ಸಾಮಾನ್ಯವಾಗಿ ಕಷ್ಟದ ಕೆಲಸ, ಫ್ಲಾಸ್ ಅನ್ನೋ ದಾರ ಹಿಡಿಯೋಕೆ ಬಹಳ ಜನರಿಗೆ ಬೆರಳು ತಿರುಗಲ್ಲ. ಇವರ ಕೈಗೆ ದಾರ ಕೊಟ್ಟ ತಕ್ಷಣ ನನಗೇ ಆಶ್ಚರ್ಯ ಆಯ್ತು. ದಿನವಿಡೀ ಕೂದಲಿನ ಎಳೆ ಬಿಡಿಸೋ ಬೆರಳು ಅದು. ಎರಡೂ ಕೈಯ ನಡುಬೆರಳಿಗೆ ಸುತ್ತಿ, ಹೆಬ್ಬೆರಳಲ್ಲಿ ಒತ್ತಿ, ವಸಡಿಗೆ ಕುಯ್ಯದ ಹಂಗೆ ಹಲ್ಲಿನ ಬದಿಗೆ ಅಪ್ಪಿಸಿ ಮೇಲೆ ಕೆಳಗೆ ಎಳೆದ್ರು, ನಾನು ಒಂದೇ ಸಲ ತೋರಿಸಿದ್ದು. ಕೆಳಗಿನ ಬಲಗಡೆ ಹೋದಾಗ ದಾರ ಸಿಕ್ಕಿಹಾಕ್ಕೊಂಡು ಹರಿದು ಎಳೆ ಎದ್ದು ಬಂತು, ಅವರೇ ನಿಲ್ಲಿಸಿ "ಇಲ್ಲೇನೋ ತೊಡಕೈತ್ರಿ" ಅಂದ್ರು. ಆ ಹಳೇ ಸಿಮೆಂಟಿನ ಚಾಚು ಅದು. ಎಕ್ಸ್‌ರೇ ಹೇಳಿದ್ದನ್ನೇ ಅವರ ಬೆರಳೂ ಹೇಳ್ತು.

ಮುಂದಿನ ವಾರ ಸ್ಕೇಲಿಂಗ್, ಅಂದ್ರೆ ಮಿಷನ್‌ನಿಂದ ಕಿಟ್ಟ ತೆಗೆಯೋದು, ಎರಡು ಸಿಟ್ಟಿಂಗ್‌ನಲ್ಲಿ. ಭಯ ಇತ್ತು ಅವರಿಗೆ, ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗ್ತಾವ, ಸಂದಿ ಬೀಳ್ತಾವ ಅಂತ ಓಣಿಯವರು ಹೇಳಿದ್ರಂತೆ. ಸಂದಿ ಕಾಣೋದು ನಿಜ, ಮುಚ್ಚಿಟ್ಟು ಹೇಳೋದು ಸರಿಯಲ್ಲ, ಆದ್ರೆ ಆ ಸಂದಿ ಮಿಷನ್ ಮಾಡಿದ್ದಲ್ಲ, ಅಲ್ಲಿ ತುಂಬಿಕೊಂಡಿದ್ದ ಕಿಟ್ಟ ಹೋಯ್ತು, ಬಾತಿದ್ದ ವಸಡು ಇಳೀತು, ಅದಕ್ಕೆ ಜಾಗ ಕಾಣ್ತು. ಇದನ್ನ ಮೊದಲೇ ಹೇಳಿ ಆಮೇಲೆ ಮಾಡಿದ್ರೆ ಪೇಷಂಟ್ ಹೆದರಲ್ಲ. ಅದೇ ಹೊತ್ತಿಗೆ ಬಲಗಡೆಯ ಹಳೇ ಸಿಮೆಂಟ್ ತೆಗೆದು ಹೊಸದಾಗಿ, ಅಂಚು ಸಮ ಮಾಡಿ ತುಂಬಿದ್ವಿ. ಆ ಚಾಚು ಹಂಗೇ ಇದ್ರೆ ಎಂಥ ಬ್ರಷ್ ಹಿಡಿದ್ರೂ ಆ ಸಂದಿ ಉಳೀತಿರಲಿಲ್ಲ.

ಆಂಟಿಬಯಾಟಿಕ್ ಬರೆಯಲಿಲ್ಲ. ಜಿಂಜಿವೈಟಿಸ್‌ಗೆ ಅದು ಬೇಕಾಗೇ ಇಲ್ಲ, ಹಲ್ಲಿಗೆ ಅಂಟಿಕೊಂಡಿರೋ ಪಾಚಿ ಪದರದ ಒಳಗೆ ಗುಳಿಗೆಯ ಔಷಧಿ ಸರಿಯಾಗಿ ಇಳಿಯೋದೂ ಇಲ್ಲ, ಅದನ್ನ ಕೈಯಿಂದಲೇ ಕೆದಕಿ ತೆಗೀಬೇಕು. ಮೌತ್‌ವಾಶ್ ವಿಷಯದಲ್ಲಿ ಸ್ವಲ್ಪ ಯೋಚನೆ ಮಾಡ್ದೆ. ಕ್ಲೋರ್‌ಹೆಕ್ಸಿಡಿನ್ ಚಲೋ ಔಷಧಿ, 0.2 ಪರ್ಸೆಂಟ್‌ದು ದಿನಕ್ಕೆರಡು ಸಲ ಎರಡು ವಾರ ಕೊಡೋದು ರೂಢಿ, ಆದ್ರೆ ಅದು ಹಲ್ಲಿಗೆ ಕಂದು ಕಲೆ ಹಿಡಿಸುತ್ತೆ. ಕಲೆಯ ಕಾರಣಕ್ಕೇ ಹತ್ತು ವರ್ಷ ಹಲ್ಲು ಸವೆಸಿಕೊಂಡಿರೋ ಹೆಣ್ಮಗಳಿಗೆ ಇನ್ನೊಂದು ಕಲೆ ಕೊಟ್ರೆ ಅವರು ಮತ್ತೆ ಇದ್ದಲಿ ಹಿಡೀತಾರೆ ಅನ್ನೋದು ನನ್ನ ಲೆಕ್ಕ. ಅದಕ್ಕೆ ಒಂದೇ ವಾರ, ಅದೂ ಬ್ರಷ್ ಮಾಡಿ ಅರ್ಧ ಗಂಟೆ ಬಿಟ್ಟು, ಯಾಕಂದ್ರೆ ಪೇಸ್ಟಿನ ನೊರೆ ಬರಿಸೋ ಅಂಶ ಇದರ ಶಕ್ತಿ ಕೆಡಿಸುತ್ತೆ. ಆಮೇಲೆ ಉಗುರುಬೆಚ್ಚನೆಯ ಉಪ್ಪುನೀರು ಸಾಕು ಅಂದೆ.

ಎಲ್ಲಾ ಸಲೀಸಾಗಿ ಹೋಗ್ಲಿಲ್ಲ. ಬ್ರಷ್ ಕಲಿಸಿ ನಾಲ್ಕೈದು ದಿನಕ್ಕೆ ವಾಟ್ಸಾಪ್‌ನಲ್ಲಿ ಅವರ ವಾಯ್ಸ್ ಮೆಸೇಜ್ ಬಂತು, ಮೊದಲಿಗಿಂತ ಜಾಸ್ತಿ ರಕ್ತ ಬರಾಕತ್ತೈತಿ, ಮನೆಯವರು ಬಿಟ್ಟುಬಿಡು ಅನ್ನಾಕತ್ತಾರ ಅಂತ. ಈ ಹಂತದಲ್ಲೇ ಬಹಳ ಜನ ಕೈಬಿಡೋದು. ಬಾತಿರೋ ವಸಡಿಗೆ ವರ್ಷಗಟ್ಟಲೆ ಆದ ಮೇಲೆ ಬ್ರಷ್ ತಾಗಿದೆ, ಮೊದಲ ವಾರ ರಕ್ತ ಬರೋದು ಸಹಜ, ಒತ್ತಬೇಡಿ ಆದ್ರೆ ಬಿಡಲೂಬೇಡಿ, ಎರಡು ವಾರ ಆದ್ರೂ ಕಮ್ಮಿ ಆಗದಿದ್ರೆ ಆಗ ಬನ್ನಿ ಅಂತ ಹೇಳ್ದೆ. ಸ್ಕೇಲಿಂಗ್ ಮುಗಿದು ಒಂದು ವಾರಕ್ಕೆ ಉಗುಳಿದಾಗ ಕೆಂಪು ಕಾಣೋದು ನಿಂತಿತ್ತು.

ಆರು ವಾರಕ್ಕೆ ಮತ್ತೆ ಅಳೆದಾಗ ರಕ್ತ ಬರೋ ಜಾಗ 58ರಿಂದ 14ಕ್ಕೆ ಇಳಿದಿತ್ತು, ಮೂರು ತಿಂಗಳಿಗೆ 9. ವಸಡು ತೆಳು ಗುಲಾಬಿ ಬಣ್ಣಕ್ಕೆ ಬಂದು ಸಂದಿಯಲ್ಲಿ ಚೂಪಾಗಿ ಕೂತಿತ್ತು. ಬಲಗಡೆಯ ಆ ಸಂದಿ 5ರಿಂದ 4ಕ್ಕೆ ಬಂತು, ರಕ್ತ ನಿಂತಿತು, ಇಳಿದ ಮೂಳೆ ಇಳಿದಷ್ಟೇ ಇದೆ. ಎಡಗಡೆ ಸರಿದ ವಸಡೂ ಸರಿದಷ್ಟೇ ಇದೆ, ಆದ್ರೆ ಮುಂದೆ ಹೋಗಿಲ್ಲ, ಜುಮ್ ಅನ್ನೋದು ಕಮ್ಮಿ ಆಗಿದೆ. ಅವರು ಹೇಳಿದ್ದು ಬೇರೆ, ಕಟಕ ರೊಟ್ಟಿ ಮತ್ತ ಮುರದು ತಿನ್ನಾಕತ್ತೀನಿ ಅಂತ.

ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ, ಮನೆ ತುಂಬ ಬೀಗರು, ರಾತ್ರಿ ಬ್ರಷ್ ಎರಡು ಮೂರು ವಾರ ತಪ್ಪಿತ್ತು. ಜಾತ್ರೆ ಆದ ಮೇಲೆ ಚೆಕಪ್‌ಗೆ ಬಂದಾಗ 22. ಬೈಯೋ ವಿಷಯ ಇದಲ್ಲ, ಯಾರ ಬಾಯಲ್ಲಾದ್ರೂ ಇದೇ ಆಗುತ್ತೆ. ಡೆನ್ಮಾರ್ಕ್‌ನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಅನ್ನೋ ದಂತವೈದ್ಯರು ಮತ್ತೆ ಅವರ ಜೊತೆಗಾರರು ಇದನ್ನೇ ಬೇಕಂತ ಮಾಡಿ ನೋಡಿ 1965ರಲ್ಲಿ ಪ್ರಕಟ ಮಾಡಿದ್ರು, ಆರೋಗ್ಯದ ವಸಡಿನ 12 ಜನರಿಗೆ ಹಲ್ಲು ಉಜ್ಜೋದು ಪೂರ್ತಿ ನಿಲ್ಲಿಸಿದ್ರು, 10ರಿಂದ 21 ದಿನದಲ್ಲಿ ಎಲ್ಲರ ವಸಡೂ ಬಾತುಕೊಳ್ತು, ಮತ್ತೆ ಉಜ್ಜೋಕೆ ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯ್ತು. ಪಾಚಿಯೇ ಕಾರಣ ಅಂತ ಗಟ್ಟಿಯಾಗಿ ತೋರಿಸಿದ ಕೆಲಸ ಅದು. ಇದನ್ನ ಅವರಿಗೆ ಹೇಳಿದಾಗ ಮುಖದ ಮೇಲಿನ ಅಳುಕು ಹೋಯ್ತು, "ಹಂಗಾರ ಮತ್ತ ಶುರು ಮಾಡಿದ್ರ ಹೋಗತೈತಲ್ರಿ" ಅಂದ್ರು. ಹೋಯ್ತು ಕೂಡ, ಮುಂದಿನ ತಿಂಗಳು ಮತ್ತೆ 10ರ ಒಳಗೆ.

ಅವರ ಅತ್ತೆಯನ್ನೂ ಒಂದು ಸಲ ಕರ್ಕೊಂಡು ಬಂದಿದ್ರು. ತಂಬಾಕಿನ ಪುಡಿ ಬಿಡೋಕೆ ಇನ್ನೂ ಒಪ್ಪಿಲ್ಲ, ಕೆಳಗಿನ ಎರಡು ಹಲ್ಲು ಅಳ್ಳಾಡ್ತಿವೆ, ರಕ್ತ ಮಾತ್ರ ಒಂದು ಹನಿ ಇಲ್ಲ. ತಂಬಾಕು ಬಿಡಿಸೋ ರಾಷ್ಟ್ರೀಯ ಸಹಾಯವಾಣಿ 1800-11-2356, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ, ನಂಬರ್ ಬರೆದು ಸೊಸೆ ಕೈಗೆ ಕೊಟ್ಟಿದ್ದೀನಿ.

ಇನ್ನು ಉಳಿದಿರೋದು ಮುಂದಿನ ಹಲ್ಲಿನ ಕಲೆ. ಮೊದಲ ದಿನವೇ ಅದನ್ನ ಕೇಳಿದ್ರು, ನಾನು ವಸಡು ಸರಿಹೋಗಿ ಮೂರು ತಿಂಗಳು ಹಂಗೇ ನಿಲ್ಲಲಿ ಅಂತ ತಡೆದಿದ್ದೆ. ರಕ್ತ ಬರೋ ವಸಡಿನ ಪಕ್ಕ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಚ್ಚಿದ್ರೆ ಅಂಚು ಸರಿಯಾಗಿ ಕೂರಲ್ಲ, ಬೇಗ ಬಿಟ್ಕೊಳ್ಳುತ್ತೆ. ಇವರ ಕಲೆ ಎನಾಮೆಲ್‌ನ ಮೇಲಿನ ಪದರದಲ್ಲೇ ಹೆಚ್ಚು ಇರೋದ್ರಿಂದ ಮೊದಲು ಮೈಕ್ರೋಅಬ್ರೇಷನ್, ಅಂದ್ರೆ ಕ್ಲಿನಿಕ್‌ನಲ್ಲೇ ಅಳತೆಯ ಆಮ್ಲದ ಪೇಸ್ಟ್‌ನಿಂದ ಆ ಪದರ ತೆಳುವಾಗಿ ತೆಗೆಯೋದು, ಅದಕ್ಕೂ ಹೋಗದೆ ಉಳಿದ ಕಡೆ ಮಾತ್ರ ಫಿಲ್ಲಿಂಗ್. ಮೇಲಿನ ನಾಲ್ಕು ಹಲ್ಲು ಮೊದಲು ಮಾಡೋಣ ಅಂತ ಆಗಿದೆ, ಯುಗಾದಿ ಕಳೆದ ಮೇಲೆ ಬರ್ತೀನಿ ಅಂದಿದ್ದಾರೆ.